ಬಾಗಿಲಿಗೆ ಬಂದ ಚುಕ್ಕೆ

"ಗುರುಗಳೇ, ಒಬ್ಬನಿಗಾಗಿ ಎಷ್ಟು ಕಾಲ ಕಾಯಬೇಕು?"

ಹೀಗೆ ಕೇಳಿದವನು ಮುರಿಗೆಪ್ಪ. ಅವನು ಆ ಮಠದ ಹಿರಿಯ ಶಿಷ್ಯ. ಗುರುಗಳಿಗೆ ವಯಸ್ಸಾದ ಮೇಲೆ ಕಿರಿಯರಿಗೆ ಪಾಠ ಹೇಳುವ ಕೆಲಸ ಅವನ ಪಾಲಿಗೆ ಬಂದಿತ್ತು.

"ಯಾರ ವಿಷಯ?" ಎಂದರು ಗುರುಗಳು.

"ಕಲ್ಲಿನಾಥನ ವಿಷಯ. ಓದಿದ್ದನ್ನು ಅವನು ಮರೆತದ್ದಿಲ್ಲ. ಗ್ರಂಥದ ಯಾವ ಪುಟದಿಂದ ಕೇಳಿದರೂ ಅವನಲ್ಲಿ ಉತ್ತರವಿದೆ. ಆದರೆ ನಾಲ್ಕು ಜನರ ಮುಂದೆ ಕೂರಿಸಿ, ಒಂದು ಮಾತು ಬಿಡಿಸಿ ಹೇಳು ಎಂದರೆ ಬಾಯಿ ತೆರೆಯುವುದಿಲ್ಲ. ಅವನ ನಂತರ ಬಂದವರು ಬೇರೆ ಊರುಗಳಿಗೆ ಹೋಗಿ ಪಾಠ ಹೇಳುತ್ತಿದ್ದಾರೆ. ಇವನು ಮಾತ್ರ ಇದ್ದಲ್ಲೇ ಇದ್ದಾನೆ."

"ನೀನು ಏನು ಮಾಡಿದೆ?"

"ಒಂದು ದಿನವೂ ಗದರಿಲ್ಲ. ಯಾವಾಗಲೂ ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಯಾರಾದರೂ ಪ್ರಶ್ನೆ ಕೇಳಿ ಅವನು ತಡವರಿಸಿದರೆ ಮಾತನ್ನು ನಾನೇ ಮುಗಿಸಿಕೊಡುತ್ತೇನೆ. ಅವನಿಗೆ ನಾಚಿಕೆಯಾಗಬಾರದು ನೋಡಿ. ಇಷ್ಟು ವರ್ಷ ಕಾದೆ. ಇನ್ನೂ ಕಾಯಲೋ, ಊರಿಗೆ ಕಳುಹಿಸಿಬಿಡಲೋ ತಿಳಿಯದೆ ಕೇಳುತ್ತಿದ್ದೇನೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಕತೆ ಹೇಳಿದರು.

ಉತ್ತರದ ಕಡೆ ಒಂದು ಚಳಿನಾಡು. ಅಲ್ಲಿ ಒಂದು ಹೊಳೆ. ಆ ಹೊಳೆಯಲ್ಲಿ ಸ್ಟರ್ಜನ್ ಎಂಬ ಮೀನು ಇತ್ತು. ಆಳುದ್ದಕ್ಕಿಂತ ಹೆಚ್ಚು ಬೆಳೆಯುವ ಮೀನು. ಬೆನ್ನಿನ ಮೇಲೆ ಮೂಳೆಯ ಬಿಲ್ಲೆಗಳ ಸಾಲು, ಬಾಯಲ್ಲಿ ಹಲ್ಲಿಲ್ಲ. ಮನುಷ್ಯನಷ್ಟು ಕಾಲ ಬದುಕುತ್ತದೆ. ಅದರ ಮೊಟ್ಟೆ ಕಪ್ಪು. ಉಪ್ಪು ಬೆರೆಸಿದ ಆ ಮೊಟ್ಟೆಯನ್ನು ಕ್ಯಾವಿಯಾರ್ ಎನ್ನುತ್ತಾರೆ. ಶ್ರೀಮಂತರು ಅದನ್ನು ಚಮಚದ ತುದಿಯಲ್ಲಿಟ್ಟು ತಿನ್ನುತ್ತಾರೆ. ಆ ಮೊಟ್ಟೆಗಾಗಿ ಜನ ಮೀನು ಹಿಡಿದರು, ಹೊಟ್ಟೆ ಸೀಳಿದರು. ಹಿಡಿಯುತ್ತ ಹಿಡಿಯುತ್ತ ಹೊಳೆ ಬರಿದಾಯಿತು.

ದಡದಲ್ಲಿ ಒಬ್ಬ ರೈತ ಮತ್ತು ಅವನ ಹೆಂಡತಿ ಇದ್ದರು. ಒಂದು ಬೇಸಿಗೆಯಲ್ಲಿ ಹೊಳೆ ತೀರ ಇಳಿಯಿತು. ಬಂಡೆಗಳ ನಡುವಿನ ಗುಂಡಿಯಲ್ಲಿ ಕೆಲವು ಮರಿಗಳು ಸಿಕ್ಕಿಕೊಂಡಿದ್ದವು. ಬೆರಳುದ್ದದ ಮರಿಗಳು. ಇಬ್ಬರೂ ಅವನ್ನು ಕೊಡದಲ್ಲಿ ತುಂಬಿಕೊಂಡು ಮನೆಗೆ ತಂದರು. ಆಮೇಲೆ ಆ ಹೊಳೆಯಲ್ಲಿ ಅಂಥ ಮರಿ ಯಾರ ಕಣ್ಣಿಗೂ ಬೀಳಲಿಲ್ಲ. ಇವು ದೊಡ್ಡವಾಗಿ ಇವುಗಳಿಂದ ಮರಿಗಳಾದರೆ ಅವನ್ನೆಲ್ಲ ಹೊಳೆಗೆ ಬಿಡಬೇಕು ಎಂದು ಗಂಡಹೆಂಡತಿ ನಿಶ್ಚಯಿಸಿದರು.

ಅವರ ಹೊಲದಲ್ಲಿ ಒಂದು ಬಿಸಿನೀರಿನ ಬುಗ್ಗೆ ಇತ್ತು. ರೈತ ಕೊಳ ತೋಡಿದ. ಬುಗ್ಗೆಯ ನೀರಿಗೆ ಹೊಳೆಯ ನೀರು ಬೆರೆಸಿ ಕೊಳಕ್ಕೆ ಹರಿಸಿದ. ಹೊರಗೆ ಹಿಮ ಬಿದ್ದರೂ ಕೊಳದ ನೀರು ಬೆಚ್ಚಗಿರುತ್ತಿತ್ತು. ಬೆಚ್ಚನೆಯ ನೀರಿನಲ್ಲಿ ಈ ಮೀನು ವರ್ಷವಿಡೀ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ಹಾಗೆಯೇ ಬೆಳೆದವು. ರೈತ ನೀರಿನಲ್ಲಿ ಕೈಯಿಟ್ಟರೆ ಬಂದು ಮೂತಿ ತಾಗಿಸುತ್ತಿದ್ದವು. ಹಿಮಗಾಲದಲ್ಲಿ ಅವನು ಬುಗ್ಗೆಯ ತೂಬನ್ನು ಇನ್ನಷ್ಟು ತೆರೆಯುತ್ತಿದ್ದ. ಮೀನಿಗೆ ಚಳಿಯಾಗಬಾರದು ಎಂದು ಅವನಿಗೆ.

ಇವುಗಳಲ್ಲಿ ಹೆಣ್ಣು ಯಾವುದು, ಗಂಡು ಯಾವುದು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ರೈತ ಒಂದೊಂದನ್ನೇ ಮೆಲ್ಲಗೆ ಮಗುಚಿದ. ಹೊಟ್ಟೆಯಲ್ಲಿ ಬೆರಳಗಲದ ಒಂದು ಸೀಳು ಮಾಡಿ, ಒಳಗೆ ನೋಡಿ, ಹೊಲಿಗೆ ಹಾಕಿ ನೀರಿಗೆ ಬಿಟ್ಟ. ಹೆಚ್ಚುಕಡಿಮೆ ಎಲ್ಲವೂ ಗಂಡು. ಕೊನೆಗೆ ನೋಡಿದ ಒಂದು ಮಾತ್ರ ಹೆಣ್ಣು.

ಅದರ ಅಂಡಾಶಯ ಆಗ ಬರೀ ಹಳದಿ ಕೊಬ್ಬು. ಕೊಬ್ಬಿನ ಮಡಿಕೆಗಳಲ್ಲಿ ಗಸಗಸೆಗಿಂತ ಸಣ್ಣ ಬಿಳಿ ಕಾಳುಗಳು. ಹೆಂಡತಿ ಬಗ್ಗಿ ನೋಡಿದಳು.

"ಇಷ್ಟು ಸಣ್ಣವೇನ್ರೀ?"

"ಸಣ್ಣವೇ. ಆದರೆ ಎಷ್ಟಿವೆ ನೋಡು."

ಹೆಂಡತಿ ಮತ್ತೆ ನೋಡಿದಳು. ಮಡಿಕೆ ಮಡಿಕೆಗೂ ಕಾಳು. ಅವಳು ಆ ಗಾಯವನ್ನು ತಾನೇ ಹೊಲಿದಳು. ಅಂದಿನಿಂದ ಆ ಮೀನಿಗೆ ಮೇವು ಹಾಕುವ ಕೆಲಸ ಅವಳದಾಯಿತು.

ಮುರಿಗೆಪ್ಪ, ಆ ಕಾಳು ಮೊಟ್ಟೆಯಾಗುವ ಬಗೆಯನ್ನು ಕೇಳು. ತಾಯಿ ತಿಂದದ್ದು ನೇರವಾಗಿ ಮೊಟ್ಟೆಗೆ ಹೋಗುವುದಿಲ್ಲ. ಅದರ ಪಿತ್ತಜನಕಾಂಗದಲ್ಲಿ ಒಂದು ಸಾರ ತಯಾರಾಗುತ್ತದೆ. ಆ ಸಾರ ರಕ್ತದಲ್ಲಿ ಹರಿದು ಬಂದು ಒಂದೊಂದು ಕಾಳಿನೊಳಗೂ ಇಳಿಯುತ್ತದೆ. ಇಳಿದಂತೆ ಕಾಳು ಹಿಗ್ಗುತ್ತದೆ. ಸುತ್ತಲಿನ ಕೊಬ್ಬು ಕರಗುತ್ತ ಬರುತ್ತದೆ. ಬಿಳಿ ಕಾಳು ಹಳದಿಯಾಗುತ್ತದೆ. ಹಳದಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೂದು ಕಪ್ಪಾಗುತ್ತದೆ. ಗಸಗಸೆಗಿಂತ ಸಣ್ಣದಿದ್ದದ್ದು ಸಬ್ಬಕ್ಕಿಯ ಗಾತ್ರಕ್ಕೆ ಬರುತ್ತದೆ. ಒಂದಲ್ಲ ಎರಡಲ್ಲ, ಲಕ್ಷಗಟ್ಟಲೆ. ಅಷ್ಟಕ್ಕೂ ಒಂದೇ ಹೊಟ್ಟೆ, ಒಂದೇ ರಕ್ತ. ಒಂದಕ್ಕೆ ಹೆಚ್ಚು ಬಡಿಸಿ ಇನ್ನೊಂದನ್ನು ಮರೆತಿತು ಎಂಬುದಿಲ್ಲ. ಇದಕ್ಕೆ ವರ್ಷಗಳು ಹಿಡಿಯುತ್ತವೆ. ದಡದಲ್ಲಿ ನಿಂತವನಿಗೆ ಮೀನು ಸುಮ್ಮನೆ ಈಜುತ್ತಿರುವಂತೆ ಕಾಣುತ್ತದೆ.

ಒಂದು ವಸಂತದಲ್ಲಿ ಆ ಹೆಣ್ಣಿನ ಹೊಟ್ಟೆ ತುಂಬಿತು. ರೈತ ಸಣ್ಣ ಕೊಳವೆ ತೂರಿಸಿ ನಾಲ್ಕಾರು ಮೊಟ್ಟೆ ಹೊರಗೆ ತೆಗೆದ. ಕಪ್ಪು, ದುಂಡು, ಹೊಳೆಯುವ ಮೊಟ್ಟೆಗಳು. ಸುದ್ದಿ ಊರಿಂದೂರಿಗೆ ಹೋಯಿತು. ಕ್ಯಾವಿಯಾರ್ ಕೊಳ್ಳುವ ಒಬ್ಬ ವ್ಯಾಪಾರಿ ಬಂದ. ಒಳ್ಳೆಯ ಮನುಷ್ಯ, ತನ್ನ ಕಸುಬು ಬಲ್ಲವನು. ಅವನು ಒಂದು ಮೊಟ್ಟೆಯನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ.

"ನನ್ನ ಆಯುಷ್ಯದಲ್ಲಿ ಇಂಥದ್ದು ಕಂಡಿಲ್ಲ. ಇದು ತುಂಬಿದೆ. ಇವತ್ತೇ ಕೊಯ್ಯಿರಿ. ನೀವು ಹೇಳಿದ್ದು ಕೊಡುತ್ತೇನೆ."

ರೈತ ಒಂದು ಮೊಟ್ಟೆಯನ್ನು ಕುದಿಯುವ ನೀರಿನಲ್ಲಿ ಗಟ್ಟಿಯಾಗಿಸಿ, ತೆಳುವಾದ ಅಲಗಿನಿಂದ ನಡುವೆ ಸೀಳಿದ. ಪ್ರತಿ ಮೊಟ್ಟೆಯ ಒಳಗೂ ಒಂದು ಚುಕ್ಕೆ ಇರುತ್ತದೆ. ಮುಂದೆ ಹುಟ್ಟುವ ಜೀವಕ್ಕೆ ಅದೇ ಮೂಲ. ಮೊಟ್ಟೆಯ ಒಂದು ತುದಿಯಲ್ಲಿ ಗಂಡಿನ ಬೀಜ ಒಳಗೆ ಬರಲು ಕಣ್ಣಿಗೆ ಕಾಣದ ಬಾಗಿಲುಗಳಿರುತ್ತವೆ. ಮೊಟ್ಟೆ ತುಂಬುವಾಗ ಚುಕ್ಕೆ ನಡುವಿನಲ್ಲಿರುತ್ತದೆ. ಮೊಟ್ಟೆ ಪಕ್ವವಾಗುವಾಗ ಅದು ನಡುವಿನಿಂದ ಹೊರಟು ಬಾಗಿಲ ಬಳಿಗೆ ಬಂದು ನಿಲ್ಲಬೇಕು. ಬಾರದಿದ್ದರೆ ಆ ಮೊಟ್ಟೆಯಿಂದ ಮರಿಯಾಗದು.

ರೈತ ನೋಡಿದ. ಚುಕ್ಕೆ ನಡುವಿನಲ್ಲೇ ಇತ್ತು.

"ಇನ್ನೂ ಆಗಿಲ್ಲ," ಎಂದ.

"ಬಣ್ಣ ಬಂದಿದೆ, ಗಾತ್ರ ಬಂದಿದೆ, ರುಚಿ ಬಂದಿದೆ. ಇನ್ನೇನು ಆಗಬೇಕು?"

"ನಾಲಿಗೆಗೆ ಇಷ್ಟು ಸಾಕು ಸಾಹುಕಾರರೇ. ಹೊಳೆಗೆ ಸಾಲದು."

ವ್ಯಾಪಾರಿಗೆ ಕೋಪ ಬರಲಿಲ್ಲ. "ನಿಮ್ಮ ಮೀನು, ನಿಮ್ಮ ಇಷ್ಟ," ಎಂದು ಹೊರಟುಹೋದ.

ರೈತ ಕಾದ. ಬುಗ್ಗೆಯ ತೂಬನ್ನು ಸರಿಯಾಗಿ ನೋಡಿಕೊಂಡ. ಮೀನಿಗೆ ಇಷ್ಟವಾದ ಮೇವನ್ನೇ ಹೆಂಡತಿಗೆ ತಂದುಕೊಟ್ಟ. ಕೊಳದ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡದಂತೆ ಮಾಡಿದ. ವಸಂತ ಮುಗಿಯುತ್ತ ಬಂತು. ಮತ್ತೆ ಮೊಟ್ಟೆ ತೆಗೆದು ಸೀಳಿದ. ಚುಕ್ಕೆ ಕದಲಿರಲಿಲ್ಲ. ಇನ್ನೂ ಕಾದ. ಮೂರನೆಯ ಸಲ ಕೊಳವೆ ಹಾಕಿದಾಗ ಬಂದ ಮೊಟ್ಟೆಗಳು ದುಂಡಗಿರಲಿಲ್ಲ. ಮೆತ್ತಗಾಗಿದ್ದವು. ಕಪ್ಪಿನ ನಡುವೆ ಬಿಳಿ ಬಿಳಿ ಮಚ್ಚೆ. ಬೆರಳಿಟ್ಟರೆ ಒಡೆದುಹೋದವು. ಬೇಸಿಗೆ ಬರುವಷ್ಟರಲ್ಲಿ ಮೀನಿನ ಹೊಟ್ಟೆ ಇಳಿದಿತ್ತು. ಒಂದು ಮೊಟ್ಟೆಯೂ ಹೊರಗೆ ಬಿದ್ದಿರಲಿಲ್ಲ. ಮೀನು ಎಲ್ಲವನ್ನೂ ಒಳಗೇ ಕರಗಿಸಿಕೊಂಡಿತ್ತು.

ರೈತ ಕೊಳದ ಕಟ್ಟೆಯ ಮೇಲೆ ಕೂತು ಅತ್ತ.

ಇಲ್ಲಿ ಮುರಿಗೆಪ್ಪ ನಡುವೆ ಮಾತಾಡಿದ. "ಅಯ್ಯೋ, ಅಷ್ಟು ವರ್ಷದ್ದು ವ್ಯರ್ಥವಾಯಿತಲ್ಲ ಗುರುಗಳೇ."

"ರೈತನೂ ಹಾಗೇ ಎಂದುಕೊಂಡ," ಎಂದರು ಗುರುಗಳು. "ಆದರೆ ಮೀನು ಹಾಗೆ ಎಂದುಕೊಳ್ಳಲಿಲ್ಲ. ಒಂದೊಂದು ಮೊಟ್ಟೆಗೂ ಕೊಟ್ಟ ಸಾರವನ್ನು ಅದು ಮೈಗೆ ಮರಳಿ ತೆಗೆದುಕೊಂಡಿತು. ಏನನ್ನೂ ಚೆಲ್ಲಲಿಲ್ಲ. ಕರಗಿದ ಮೊಟ್ಟೆಗಳ ನಡುವೆ, ಅದೇ ಮಡಿಕೆಗಳಲ್ಲಿ, ಮುಂದಿನ ಸಲದ ಬಿಳಿ ಕಾಳುಗಳು ಆಗಲೇ ಇದ್ದವು. ಇಷ್ಟು ದೊಡ್ಡ ಸೋಲನ್ನು ಹೊಟ್ಟೆಗೆ ಹಾಕಿಕೊಂಡು, ಮರುದಿನ ಮೇವಿಗೆ ಬರುವ ಜೀವಿಯನ್ನು ನೀನು ಬೇರೆಲ್ಲಿ ಕಂಡಿದ್ದೀ?"

ಮುರಿಗೆಪ್ಪ ತಲೆಯಾಡಿಸಿದ. ಗುರುಗಳು ಮುಂದುವರಿಸಿದರು.

ಮೀನು ಮತ್ತೆ ತಿನ್ನತೊಡಗಿತು. ಕಾಳು ಮತ್ತೆ ಹಳದಿಯಾಯಿತು, ಬೂದಾಯಿತು. ಎರಡು ಮೂರು ವರ್ಷದಲ್ಲಿ ಮತ್ತೆ ಕಪ್ಪಾಗುತ್ತ ಬಂತು. ಹಿಮಗಾಲ ಹತ್ತಿರವಾಯಿತು. ರೈತ ಎಂದಿನಂತೆ ಬುಗ್ಗೆಯ ತೂಬು ತೆರೆಯಲು ಹೊರಟ. ಹೆಂಡತಿ ಬಾಗಿಲಲ್ಲಿ ತಡೆದಳು.

"ಒಂದು ಮಾತು ಕೇಳಲೇನ್ರೀ? ಹೊಳೆಯಲ್ಲಿ ಇವಳ ತಾಯಿ ಮರಿ ಮಾಡಿದ್ದಳು. ಹೊಳೆ ಅವಳಿಗೆ ಏನು ಕೊಟ್ಟಿತ್ತು?"

"ನೀರು ಕೊಟ್ಟಿತ್ತು. ಮೇವು ಕೊಟ್ಟಿತ್ತು. ಅದನ್ನು ಹೊಳೆಗಿಂತ ಚೆನ್ನಾಗಿ ನಾವು ಕೊಟ್ಟಿದ್ದೇವೆ."

"ಚಳಿ?"

ರೈತ ನಿಂತ.

"ಸುಖವಾದದ್ದೆಲ್ಲ ಕೊಟ್ಟೆವು," ಎಂದಳು ಹೆಂಡತಿ. "ಕಷ್ಟವಾದದ್ದೊಂದನ್ನು ಮಾತ್ರ ಮುಚ್ಚಿಟ್ಟೆವು. ಇವಳಿಗೆ ಹಿಮಗಾಲ ಬಂದೇ ಇಲ್ಲ. ಹಿಮಗಾಲವೇ ಬಾರದವಳಿಗೆ ವಸಂತ ಬಂತೆಂದು ಹೇಗೆ ತಿಳಿಯಬೇಕು?"

ಹೊಲದ ಮೇಲ್ಗಡೆ, ಬೆಟ್ಟದ ಬುಡದಲ್ಲಿ, ಒಂದು ಕಲ್ಲುಕೊಳ ಇತ್ತು. ಹಿಮ ಕರಗಿದ ನೀರು ಅದಕ್ಕೆ ಬೀಳುತ್ತಿತ್ತು. ಮರುದಿನದಿಂದ ಅವರು ತೂಬನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚಿದರು. ಒಮ್ಮೆಲೇ ಅಲ್ಲ, ಒಮ್ಮೆಲೇ ಆದರೆ ಮೀನು ತಾಳದು. ನೀರು ತಣ್ಣಗಾದಂತೆ ಮೇವನ್ನೂ ಕಡಿಮೆ ಮಾಡಿ ನಿಲ್ಲಿಸಿದರು. ಆಮೇಲೆ ಒದ್ದೆ ಜಮಖಾನದಲ್ಲಿ ಸುತ್ತಿ, ಇಬ್ಬರೂ ಹೊತ್ತುಕೊಂಡು, ಹೆಣ್ಣುಮೀನನ್ನು ಮೇಲಿನ ಕೊಳಕ್ಕೆ ಬಿಟ್ಟರು. ಜೊತೆಗೆ ಒಂದೆರಡು ಗಂಡುಮೀನುಗಳನ್ನೂ ಬಿಟ್ಟರು.

ಕೊಳದ ಮೇಲೆ ಮಂಜುಗಡ್ಡೆ ಕಟ್ಟಿತು. ಮೀನು ತಳಕ್ಕೆ ಇಳಿದು ಕಲ್ಲಿನಂತೆ ಬಿದ್ದುಕೊಂಡಿತು. ರೈತ ದಿನವೂ ಹೋಗಿ ಮಂಜುಗಡ್ಡೆಯಲ್ಲಿ ತೂತು ಮಾಡಿ ನೋಡುತ್ತಿದ್ದ. ಕೈ ನೀಡಿದರೆ ಮೀನು ಬರುತ್ತಿರಲಿಲ್ಲ. ಬಾಲ ಆಡುತ್ತಿರಲಿಲ್ಲ. ಕಿವಿರು ಮಾತ್ರ ಎಷ್ಟೋ ಹೊತ್ತಿಗೊಮ್ಮೆ ತೆರೆದು ಮುಚ್ಚುತ್ತಿತ್ತು. ಹೊಳೆಯ ವಂಶದಲ್ಲಿ ಉಳಿದ ಒಂದೇ ಹೆಣ್ಣು. ಅದನ್ನು ತನ್ನ ಕೈಯಾರೆ ಈ ನೀರಿಗೆ ಹಾಕಿದ್ದೇನೆ ಎಂದು ಅವನಿಗೆ ಅನ್ನ ಇಳಿಯದಾಯಿತು.

ಒಂದು ಬೆಳಿಗ್ಗೆ ಅವನು ಬಲೆ ತೆಗೆದುಕೊಂಡು ಮೇಲೆ ಹೋದ. ಮಂಜುಗಡ್ಡೆ ಒಡೆದು ಸೊಂಟದವರೆಗೆ ನೀರಿಗೆ ಇಳಿದ. ಹೆಂಡತಿ ಓಡಿಬಂದಳು.

"ಏನು ಮಾಡುತ್ತಿದ್ದೀರಿ?"

"ಕೆಳಗೆ ಒಯ್ಯುತ್ತೇನೆ. ಮೊಟ್ಟೆ ಬೇಡ, ಮರಿ ಬೇಡ. ಇದು ಬದುಕಿದರೆ ಸಾಕು."

"ಒಯ್ದರೆ ನಿಮ್ಮ ನಡುಕ ನಿಲ್ಲುತ್ತದೆ," ಎಂದಳು ಹೆಂಡತಿ. "ಅವಳ ಕೆಲಸವೂ ನಿಂತುಹೋಗುತ್ತದೆ."

ರೈತ ನೀರಿನೊಳಗೆ ಕೈಯಿಳಿಸಿ ಮೀನಿನ ಪಕ್ಕೆ ಮುಟ್ಟಿದ. ಮೈ ತಣ್ಣಗಿತ್ತು, ಬಿಗಿಯಾಗಿತ್ತು. ಮೀನು ಓಡಲಿಲ್ಲ, ಕೈಯ ಕಡೆಗೂ ಬರಲಿಲ್ಲ. ತನ್ನಷ್ಟಕ್ಕೆ ಒಮ್ಮೆ ಕಿವಿರು ತೆರೆದು ಮುಚ್ಚಿತು. ಅದು ಸಾಯುತ್ತಿಲ್ಲ ಎಂದು ಅವನಿಗೆ ಆಗ ತಿಳಿಯಿತು. ತನ್ನಿಂದ ಅದಕ್ಕೆ ಆಗಬೇಕಾದದ್ದೇನೂ ಈಗ ಇಲ್ಲ ಎಂದೂ ತಿಳಿಯಿತು. ಎರಡನೆಯದನ್ನು ಒಪ್ಪಿಕೊಳ್ಳುವುದು ಅವನಿಗೆ ಹೆಚ್ಚು ಕಷ್ಟವಾಯಿತು. ಬಲೆ ಸುತ್ತಿಕೊಂಡು ಮೇಲೆ ಬಂದ. ಹೆಂಡತಿ ಅವನ ಕಾಲುಗಳಿಗೆ ಕಂಬಳಿ ಸುತ್ತಿದಳು. ಇಬ್ಬರೂ ಕೆಳಗಿಳಿದರು.

ಬೆಟ್ಟದ ಹಿಮ ಕರಗಿತು. ಮೇಲಿನ ಕೊಳದ ಮಂಜುಗಡ್ಡೆ ಬಿರಿಯಿತು. ನೀರು ಮೆಲ್ಲಮೆಲ್ಲಗೆ ಬೆಚ್ಚಗಾಗತೊಡಗಿತು. ಆ ವ್ಯಾಪಾರಿ ಮತ್ತೆ ಬಂದ. ಕೊಳ್ಳಲು ಬಂದೆ ಎನ್ನಲಿಲ್ಲ. "ಮೊಟ್ಟೆ ಸೀಳುವಾಗ ನಾನೂ ನೋಡಬಹುದೇ?" ಎಂದ.

ರೈತ ಮೊಟ್ಟೆ ತೆಗೆದ. ಕುದಿಸಿದ. ಅಲಗು ಹಿಡಿದು ಸೀಳಲಾರದೆ ನಿಂತ. ಹೆಂಡತಿ ಅಲಗನ್ನು ತಾನು ತೆಗೆದುಕೊಂಡು ಸೀಳಿದಳು. ಮೂವರೂ ಬಗ್ಗಿ ನೋಡಿದರು.

ನಡುವಿನಲ್ಲಿ ಚುಕ್ಕೆ ಇರಲಿಲ್ಲ. ಅಂಚಿನಲ್ಲಿ, ಬಾಗಿಲ ಪಕ್ಕದಲ್ಲಿ, ಬಂದು ನಿಂತಿತ್ತು.

ಹೆಂಡತಿ ಎರಡನೆಯದನ್ನು ಸೀಳಿದಳು. ಅದರಲ್ಲೂ ಹಾಗೇ. ಮೂರನೆಯದರಲ್ಲೂ ಹಾಗೇ. ಯಾರೂ ಕೈ ಹಿಡಿದು ನಡೆಸಿದ್ದಲ್ಲ. ಕತ್ತಲೆಯ ಹೊಟ್ಟೆಯಲ್ಲಿ, ಮಂಜುಗಡ್ಡೆಯ ಕೆಳಗೆ, ಊಟವಿಲ್ಲದ ದಿನಗಳಲ್ಲಿ, ಲಕ್ಷ ಚುಕ್ಕೆಗಳು ಒಂದೇ ದಿಕ್ಕಿಗೆ ಹೊರಟಿದ್ದವು. ವ್ಯಾಪಾರಿ ತಲೆಯ ಮೇಲಿನ ಟೊಪ್ಪಿಗೆ ತೆಗೆದ.

"ಇಷ್ಟು ವರ್ಷ ಇದನ್ನು ಮಾರಿದೆ," ಎಂದ. "ಇದರೊಳಗೆ ಇಷ್ಟು ದೊಡ್ಡ ಪ್ರಯಾಣ ಇದೆ ಎಂದು ಗೊತ್ತಿರಲಿಲ್ಲ."

ಆಮೇಲೆ ತಡಮಾಡಲಿಲ್ಲ. ಮೊಟ್ಟೆಗಳು ಅಂಡಾಶಯದಿಂದ ಕಳಚಿಕೊಳ್ಳಲೆಂದು ರೈತ ಮೀನಿಗೆ ಒಂದು ಚುಚ್ಚುಮದ್ದು ಕೊಟ್ಟ. ಮರುದಿನ ಕೊಳದ ತಳದ ಕಲ್ಲುಗಳಿಗೆ ಕೆಲವು ಕಪ್ಪು ಮೊಟ್ಟೆಗಳು ಅಂಟಿದ್ದು ಕಂಡಿತು. ಹೊತ್ತು ಬಂದಿತ್ತು. ಹೊಟ್ಟೆ ಸೀಳಲಿಲ್ಲ. ಮೊಟ್ಟೆ ಹೊರಬರುವ ದಾರಿಯಲ್ಲಿ ಒಂದು ಸಣ್ಣ ಕೊಯ್ತ ಮಾಡಿ, ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಸವರಿದ. ಮೊಟ್ಟೆಗಳು ಧಾರೆಯಾಗಿ ಬೋಗುಣಿಗೆ ಬಿದ್ದವು. ಬೋಗುಣಿ ತುಂಬಿತು. ಇನ್ನೊಂದು ಇಟ್ಟರು. ಅದೂ ತುಂಬಿತು. ವ್ಯಾಪಾರಿ ಅಂಗಿಯ ತೋಳು ಮಡಿಚಿ ಬೋಗುಣಿ ಹಿಡಿದ. ರೈತ ಗಂಡುಮೀನಿನ ಬೀಜವನ್ನು ನೀರಿನಲ್ಲಿ ಕದಡಿ ಮೊಟ್ಟೆಗಳ ಮೇಲೆ ಹೊಯ್ದ. ನೀರು ತಾಗಿದರೆ ಈ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರುಗಟ್ಟುತ್ತವೆ. ಅದಕ್ಕಾಗಿ ಹೆಂಡತಿ ಹೊಳೆಯ ನುಣ್ಣನೆಯ ಮಣ್ಣನ್ನು ಕಲಸಿ ಅದರಲ್ಲಿ ಮೊಟ್ಟೆಗಳನ್ನು ಕೈಯಿಂದ ತಿರುವುತ್ತ ಕೂತಳು. ಅಂಟು ಹೋಗುವವರೆಗೆ ಕೈ ನಿಲ್ಲಿಸಲಿಲ್ಲ.

ತಾಯಿಮೀನನ್ನು ನೀರಿಗೆ ಬಿಟ್ಟರು. ಅದು ಸ್ವಲ್ಪ ಹೊತ್ತು ಅಲ್ಲೇ ತೂಗಾಡಿತು. ಆಮೇಲೆ ಬಾಲ ಬೀಸಿ ಆಳಕ್ಕೆ ಹೋಯಿತು. ಕೆಲವು ದಿನಗಳಾದ ಮೇಲೆ ಮೇವಿಗೆ ಬಂತು.

ವಾರ ಕಳೆದಾಗ ಮೊಟ್ಟೆಗಳು ಒಡೆದವು. ಕಪ್ಪು ದಾರದ ತುಂಡುಗಳಂಥ ಮರಿಗಳು ನೀರಿನ ತುಂಬ ಆಡಿದವು. ಬೆರಳುದ್ದಕ್ಕೆ ಬೆಳೆದ ಮೇಲೆ ಗಂಡಹೆಂಡತಿ ಅವನ್ನು ಹೊಳೆಗೆ ಒಯ್ದು ಬಿಟ್ಟರು. ಊರಿನವರೆಲ್ಲ ದಡದಲ್ಲಿ ನಿಂತು ನೋಡಿದರು. ಆ ಹೊಳೆಯಲ್ಲಿ ಈಗಲೂ ಆ ಮೀನು ಇದೆ ಎನ್ನುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪನ ಕಣ್ಣು ಒದ್ದೆಯಾಗಿತ್ತು. ಅವನು ಕೈ ಮುಗಿದ.

"ಎಂಥ ಮೀನು, ಎಂಥ ಜನ! ನನಗೆ ತಿಳಿಯಿತು ಗುರುಗಳೇ. ಕಲ್ಲಿನಾಥನನ್ನು ಕಳುಹಿಸುವುದಿಲ್ಲ. ಅವನನ್ನು ಹೀಗೇ ಪಕ್ಕದಲ್ಲಿಟ್ಟುಕೊಂಡು, ಎಷ್ಟು ವರ್ಷವಾದರೂ ಕಾಯುತ್ತೇನೆ."

ಗುರುಗಳು ಅವನ ಮುಖ ನೋಡಿದರು.

"ರೈತ ಮೊದಲನೆಯ ಸಲವೂ ಕಾದಿದ್ದ, ಮುರಿಗೆಪ್ಪ."